ಆರ್‌ಟಿಐ ವಾರ್ಷಿಕ ವರದಿಯಲ್ಲಿ ನಮ್ಮ ತಾಲ್ಲೂಕಿನ ಲೆಕ್ಕ ಸಿಗುತ್ತಾ?

ನಿಮ್ಮ ಪ್ರಶ್ನೆ ಇದು: ಶಿವಮೊಗ್ಗ ಜಿಲ್ಲೆಯ ನಿಮ್ಮ ತಾಲ್ಲೂಕಿನ ಸರ್ಕಾರಿ ಕಚೇರಿಗಳಿಗೆ ವರ್ಷಕ್ಕೆ ಎಷ್ಟು ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಬರುತ್ತವೆ, ಅದರಲ್ಲಿ ಎಷ್ಟಕ್ಕೆ ಮಾಹಿತಿ ಕೊಡುತ್ತಾರೆ ಅನ್ನೋದಕ್ಕೆ ವಾರ್ಷಿಕ ವರದಿ ಇದೆಯಂತೆ, ಅದು ಎಲ್ಲಿ ಸಿಗುತ್ತೆ, ಅದನ್ನ ನಂಬಬಹುದಾ? ಜೊತೆಗೆ, ಇದನ್ನೆಲ್ಲ ಕೇಳಿದರೆ ಕಚೇರಿಯವರು ಹಗೆ ಸಾಧಿಸ್ತಾರಾ?

ಮಲೆನಾಡಿನ ತಾಲ್ಲೂಕು ಮಟ್ಟದ ಕಚೇರಿಯೊಂದರಲ್ಲಿ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಆಗಿ ನಿವೃತ್ತನಾದವನು ನಾನು. ಯಾವ ಇಲಾಖೆ, ಯಾವ ಊರು ಬೇಡ. ಆ ವರದಿಗೆ ಕೆಳಗಿನಿಂದ ಹೋಗುವ ತಖ್ತೆಯನ್ನ, ಅಂದರೆ ಅಂಕಿಅಂಶದ ಪಟ್ಟಿಯನ್ನ, ಹಲವು ವರ್ಷ ನನ್ನ ಕೈಯಾರೆ ತುಂಬಿದ್ದೇನೆ. ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತೆ, ಸಾವಕಾಶ ಓದಿ.

ವರದಿ ಇದೆ. ಮಾಹಿತಿ ಹಕ್ಕು ಕಾಯ್ದೆ 2005ರ ಸೆಕ್ಷನ್ 25ರ ಪ್ರಕಾರ ಮಾಹಿತಿ ಆಯೋಗ ಪ್ರತಿ ವರ್ಷ ವರದಿ ತಯಾರಿಸಬೇಕು, ಅದಕ್ಕೆ ಬೇಕಾದ ಅಂಕಿಅಂಶವನ್ನ ಪ್ರತಿ ಇಲಾಖೆ ತನ್ನ ಕೆಳಗಿನ ಕಚೇರಿಗಳಿಂದ ತರಿಸಿ ಕೊಡಬೇಕು. ಆಮೇಲೆ ಸರ್ಕಾರ ಅದನ್ನ ವಿಧಾನಮಂಡಲದ ಮುಂದೆ ಇಡುತ್ತೆ. ನಮ್ಮ ರಾಜ್ಯದ್ದು ಕರ್ನಾಟಕ ಮಾಹಿತಿ ಆಯೋಗದ ಜಾಲತಾಣದಲ್ಲಿ ನೋಡಿ. ರೈಲ್ವೆ, ಅಂಚೆ, ರಾಷ್ಟ್ರೀಕೃತ ಬ್ಯಾಂಕು ಇಂಥವುಗಳದ್ದು ಕೇಂದ್ರ ಮಾಹಿತಿ ಆಯೋಗದ ವರದಿಯಲ್ಲಿ ಬರುತ್ತೆ. ಆದರೆ ನಿಮ್ಮ ತಾಲ್ಲೂಕಿನ ಲೆಕ್ಕ ಅಲ್ಲಿ ಹುಡುಕಬೇಡಿ. ತಾಲ್ಲೂಕಿನ ಅಂಕಿ ಜಿಲ್ಲೆಯದರಲ್ಲಿ ಕರಗುತ್ತೆ, ಜಿಲ್ಲೆಯದು ಇಲಾಖೆಯದರಲ್ಲಿ. ಬೆಂಗಳೂರು ಮುಟ್ಟೋ ಹೊತ್ತಿಗೆ ನಮ್ಮ ಹೊಳೆ ನೀರು ಯಾವುದು, ಪಕ್ಕದ ಜಿಲ್ಲೆಯದು ಯಾವುದು ಅಂತ ಗುರುತು ಸಿಗಲ್ಲ.

ನಂಬಬಹುದಾ ಅಂದರೆ, ಅದು ಸುಳ್ಳು ವರದಿಯಲ್ಲ. ಅದು ಏನನ್ನ ಎಣಿಸುತ್ತೋ ಅದನ್ನ ಬಹುಮಟ್ಟಿಗೆ ಸರಿಯಾಗೇ ಎಣಿಸುತ್ತೆ. ತೊಂದರೆ ಇರೋದು ಎಣಿಸದೇ ಬಿಟ್ಟಿದ್ದರಲ್ಲಿ.

ತಖ್ತೆ ಬರೋದು ಹೇಗೆ ಗೊತ್ತಾ? ಒಂದು ದಿನ ಮೇಲಿನ ಕಚೇರಿಯಿಂದ 'ಅತಿ ಜರೂರು' ಅಂತ ಒಂದು ಮೇಲ್. ಅಡ್ಡ ಹಾಳೆಯಲ್ಲಿ ಕಾಲಂಗಳು: ಹಿಂದಿನ ವರ್ಷದ ಬಾಕಿ, ಈ ವರ್ಷ ಬಂದದ್ದು, ವಿಲೇ ಆದದ್ದು (ಇತ್ಯರ್ಥವಾಗಿ ಮುಗಿದದ್ದು), ತಿರಸ್ಕರಿಸಿದ್ದು, ಯಾವ ಸೆಕ್ಷನ್ ಮೇಲೆ ತಿರಸ್ಕರಿಸಿದ್ದು, ವಸೂಲಾದ ಶುಲ್ಕ, ಶಿಸ್ತುಕ್ರಮ ಏನಾದರೂ ಆಗಿದ್ದರೆ ಅದು. ಸಂಜೆಯೊಳಗೆ ಕಳಿಸಬೇಕು, ಏನೂ ಇಲ್ಲದಿದ್ದರೆ 'ಶೂನ್ಯ ವರದಿ'ಯನ್ನಾದರೂ ಕಳಿಸಲೇಬೇಕು. ಆರ್‌ಟಿಐ ವಹಿ, ಅಂದರೆ ಬಂದ ಅರ್ಜಿಗಳನ್ನ ಬರೆದಿಡುವ ಪುಸ್ತಕ, ತೆರೆದರೆ ಅರ್ಧ ವರ್ಷದ್ದು ನನ್ನ ಅಕ್ಷರ, ನಾನು ರಜೆಯಲ್ಲಿದ್ದಾಗಿನದು ಇನ್ನೊಬ್ಬರದು, ನಡುವೆ ಎರಡು ಪುಟ ಪೆನ್ಸಿಲ್‌ನಲ್ಲಿ. ಹಿಂದಿನ ವರ್ಷದ ಮುಕ್ತಾಯದ ಬಾಕಿಗೂ ಈ ವರ್ಷದ ಆರಂಭದ ಬಾಕಿಗೂ ತಾಳೆ ಬರಲ್ಲ. ಸಾಹೇಬರನ್ನ ಕೇಳಿದರೆ, "ಹೋದ ವರ್ಷ ಏನು ಕಳಿಸಿದ್ರಿ ನೋಡಿ, ಅದಕ್ಕೆ ಸರಿ ಹೊಂದಿಸಿ ಹಾಕ್ರಿ." ಹಾಕಿದ್ದೇನೆ. ಈಗ ಸುಭಗನ ಹಾಗೆ ಮಾತಾಡಿದರೆ ನಗುವವರು ಇದ್ದಾರೆ, ಅದಕ್ಕೇ ಹೇಳಿಬಿಡುತ್ತೇನೆ.

ಇದು ಸಣ್ಣ ಪಾಪ. ದೊಡ್ಡ ಸಂಗತಿ 'ವಿಲೇ' ಅನ್ನೋ ಒಂದು ಪದದಲ್ಲಿದೆ.

ಒಂದು ಆಟಿ ತಿಂಗಳ ಮಳೆಯಲ್ಲಿ ವಯಸ್ಸಾದವರೊಬ್ಬರು ಬಂದಿದ್ದರು. ಶರಾವತಿ ಮುಳುಗಡೆಯ ಕುಟುಂಬ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಊರು ಬಿಟ್ಟು ಬಂದವರ ಮಗ. ಅಪ್ಪನಿಗೆ ಬದಲಿ ಜಮೀನು ಮಂಜೂರಾದ ಆದೇಶದ ನಕಲು ಬೇಕಿತ್ತು. ಕೊಡೆ ಇದ್ದರೂ ಅರ್ಧ ನೆನೆದಿದ್ದರು. ಅರ್ಜಿ ಮಾತ್ರ ಪ್ಲಾಸ್ಟಿಕ್ ಕೊಟ್ಟೆಯೊಳಗೆ ಒಣಗೇ ಇತ್ತು, ಅದಕ್ಕೆ ಹತ್ತು ರೂಪಾಯಿಯ ಐಪಿಒ (ಪೋಸ್ಟಲ್ ಆರ್ಡರ್) ಗುಂಡುಸೂಜಿಯಲ್ಲಿ ಚುಚ್ಚಿದ್ದರು. ನಾನೂ ನಮ್ಮ ಡಿ ಗ್ರೂಪ್ ನೌಕರನೂ ಸೇರಿ ರೆಕಾರ್ಡ್ ರೂಮಿನಲ್ಲಿ ಎರಡು ಮಧ್ಯಾಹ್ನ ಹುಡುಕಿದೆವು. ಹಳೇ ಕಡತಗಳನ್ನ ಬಟ್ಟೆಯಲ್ಲಿ ಗಂಟು ಕಟ್ಟಿ ಇಡೋದು, ರುಮಾಲು ಅಂತೀವಿ. ಹೆಂಚಿನ ಸಂದಿಯಿಂದ ನೀರಿಳಿಯುವ ಮೂಲೆಯಲ್ಲಿದ್ದ ರುಮಾಲುಗಳನ್ನ ಬಿಚ್ಚಿದರೆ ಒಳಗೆ ಕಾಗದವೇ ಇಲ್ಲ, ಬೂಷ್ಟು ಹಿಡಿದು ಅಂಟಿಕೊಂಡ ಒಂದು ಇಟ್ಟಿಗೆ. ಪಕ್ಕದ್ದಕ್ಕೆ ಗೆದ್ದಲು. ಬೇಕಾದ ವರ್ಷದ್ದು ಆ ಮೂಲೆಯಲ್ಲೇ ಇದ್ದಿರಬೇಕು.

ಮೂವತ್ತು ದಿನದ ಒಳಗೇ ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ, ಹೋಯಿತು. ಬರೆದವನು ನಾನೇ: "ಸದರಿ ಕಡತವು ಅಭಿಲೇಖಾಲಯದಲ್ಲಿ ಲಭ್ಯವಿಲ್ಲದ ಕಾರಣ ಮಾಹಿತಿ ಒದಗಿಸಲು ಸಾಧ್ಯವಾಗುವುದಿಲ್ಲವೆಂದು ಈ ಮೂಲಕ ಹಿಂಬರಹ ನೀಡಲಾಗಿದೆ." ಅವರು ಬಂದು ಅದನ್ನ ಎರಡು ಸಲ ಓದಿಸಿಕೊಂಡು, ಮಡಚಿ ಅದೇ ಕೊಟ್ಟೆಯೊಳಗೆ ಇಟ್ಟುಕೊಂಡು ಕೇಳಿದ್ದು ಒಂದೇ ಮಾತು. "ಹತ್ತು ರೂಪಾಯಿ ವಾಪಸ್ ಬರ್ತದಾ ಮಾರಾಯ್ರೇ?" ಬರಲ್ಲ ಅಂದೆ.

ಈಗ ಇದೇ ಅರ್ಜಿ ವಾರ್ಷಿಕ ತಖ್ತೆಯಲ್ಲಿ ಹೇಗೆ ಕೂತಿತು ನೋಡಿ. ಸ್ವೀಕೃತಿ: ಒಂದು. ವಿಲೇ: ಒಂದು. ತಿರಸ್ಕೃತ: ಸೊನ್ನೆ. ಬಾಕಿ: ಸೊನ್ನೆ. ಶುಲ್ಕ: ಹತ್ತು ರೂಪಾಯಿ. ಒಂದು ಅಂಕಿಯೂ ಸುಳ್ಳಲ್ಲ. ಹಾಗಾದರೆ ತಿರಸ್ಕೃತ ಅಂತ ಯಾಕೆ ಹಾಕಲಿಲ್ಲ? ತಿರಸ್ಕರಿಸಬೇಕಾದರೆ ಕಾಯ್ದೆಯಲ್ಲಿ ಕಾರಣ ಬೇಕು. ಸೆಕ್ಷನ್ 8ರಲ್ಲಿ ದೇಶದ ಭದ್ರತೆ, ವ್ಯಾಪಾರ ಗುಟ್ಟು, ತನಿಖೆಗೆ ಅಡ್ಡಿ, 8(1)(ಜೆ)ಯಲ್ಲಿ ವೈಯಕ್ತಿಕ ಮಾಹಿತಿ, ಸೆಕ್ಷನ್ 9ರಲ್ಲಿ ಹಕ್ಕುಸ್ವಾಮ್ಯ. 'ಕಡತ ಸಿಗಲಿಲ್ಲ' ಅನ್ನೋದು ಅಲ್ಲೆಲ್ಲೂ ಇಲ್ಲ. 2013ರಲ್ಲಿ ದೆಹಲಿ ಹೈಕೋರ್ಟ್ ಕೂಡ ಇದನ್ನೇ ಹೇಳಿದೆ: ಒಮ್ಮೆ ಕಚೇರಿಯಲ್ಲಿದ್ದ ಮಾಹಿತಿಯನ್ನ ಸಿಗುತ್ತಿಲ್ಲ ಅಂತ ಕೈತೊಳೆದುಕೊಳ್ಳುವ ಹಾಗಿಲ್ಲ, ಚೆನ್ನಾಗಿ ಹುಡುಕಬೇಕು, ಅಗತ್ಯಬಿದ್ದರೆ ವಿಚಾರಣೆ ಮಾಡಿ ಹೊಣೆ ನಿಗದಿಪಡಿಸಬೇಕು. ಅಂದರೆ ಕಾಯ್ದೆ ಒಪ್ಪದ ಕಾರಣ ಅದು. ಕಾಯ್ದೆ ಒಪ್ಪದ್ದರಿಂದಲೇ ಅದಕ್ಕೊಂದು ಕಾಲಂ ಇಲ್ಲ, ಕಾಲಂ ಇಲ್ಲದ್ದರಿಂದ ಅದು 'ವಿಲೇ'ಯೊಳಗೆ ಸಲೀಸಾಗಿ ನುಸುಳುತ್ತೆ.

ಇನ್ನೊಂದು ಹೀಗೆ ಮಾಯವಾಗೋದು ಮೌನ. ಮೂವತ್ತು ದಿನದೊಳಗೆ ಉತ್ತರವೇ ಬರದಿದ್ದರೆ ಸೆಕ್ಷನ್ 7(2)ರ ಪ್ರಕಾರ ಅದು ನಿರಾಕರಿಸಿದ ಹಾಗೇ. ಆದರೆ ಸೆಕ್ಷನ್ 25 ಎಣಿಸು ಅನ್ನೋದು ನಿರಾಕರಿಸಿದ 'ನಿರ್ಣಯ'ಗಳನ್ನ. ಸುಮ್ಮನೆ ಕೂತವನು ನಿರ್ಣಯ ಮಾಡಿದ ಹಾಗಾಯಿತಾ? ನಲವತ್ತನೇ ದಿನವೋ ನೂರನೇ ದಿನವೋ, ಪ್ರಥಮ ಮೇಲ್ಮನವಿ ಬಿದ್ದ ಮೇಲೆ ಗಡಿಬಿಡಿಯಲ್ಲಿ ಎರಡು ಹಾಳೆ ಕೊಟ್ಟರೆ ಅದೂ 'ವಿಲೇ'. ಎಷ್ಟು ದಿನ ಹಿಡಿಯಿತು ಅಂತ ನಾನು ತುಂಬಿದ ತಖ್ತೆಯಲ್ಲಿ ಯಾರೂ ಕೇಳಿರಲಿಲ್ಲ. ಕೇಂದ್ರ ಆಯೋಗದ ವರದಿಯಲ್ಲಿ 2019-20ರಲ್ಲಿ ತಿರಸ್ಕೃತ ಅರ್ಜಿ ಶೇ. 4ರ ಆಸುಪಾಸು ಅಂತ ಇದೆ. ಪತ್ರಿಕೆಯಲ್ಲಿ ಓದಿದವರು ಉಳಿದ 96 ಜನಕ್ಕೆ ಮಾಹಿತಿ ಸಿಕ್ಕಿತು ಅಂದುಕೊಳ್ಳುತ್ತಾರೆ. ನಾನು ಹಾಗೆ ಓದಲ್ಲ. ಆ ವರದಿಗಳಲ್ಲಿ ತಿರಸ್ಕಾರದ ಕಾರಣಗಳ ಸಾಲಿನಲ್ಲೇ 'ಇತರೆ' ಅಂತ ಒಂದಿರುತ್ತೆ, ಅದರ ಮೇಲೂ ಕಣ್ಣಿಡಿ. ಕಾಯ್ದೆಯಲ್ಲಿ ಇರುವ ಕಾರಣಕ್ಕೆ ಮಾತ್ರ ನಿರಾಕರಿಸಬಹುದು ಅಂದಮೇಲೆ ಈ 'ಇತರೆ' ಯಾವ ಮನೆಯ ನೆಂಟ?

ಅರ್ಜಿಗಳ ಸಂಖ್ಯೆ ಉಬ್ಬುವುದೂ ಉಂಟು. ಬೇರೆ ಕಚೇರಿಯ ಮಾಹಿತಿ ಕೇಳಿದ್ದರೆ 6(3)ರಲ್ಲಿ ಐದು ದಿನದೊಳಗೆ ಅಲ್ಲಿಗೆ ವರ್ಗಾಯಿಸಬೇಕು. ಯಾರೋ ಒಬ್ಬರು ತಾಲ್ಲೂಕು ಪಂಚಾಯಿತಿಗೆ ಒಂದು ಅರ್ಜಿ ಹಾಕಿ ಎಲ್ಲ ಗ್ರಾಮ ಪಂಚಾಯಿತಿಗಳ ಬೀದಿದೀಪದ ಖರ್ಚು ಕೇಳಿದರೆ, ಅದು ತಾಲ್ಲೂಕಿನ ಅಷ್ಟೂ ಪಂಚಾಯಿತಿಗೆ ಹಂಚಿಹೋಗುತ್ತೆ. ಪ್ರತಿ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ತನ್ನ ವಹಿಯಲ್ಲಿ ಒಂದೊಂದು ಅಂತ ಬರೆದುಕೊಳ್ಳುತ್ತಾರೆ, ಮೇಲಿನವರು ತಮ್ಮಲ್ಲಿ ಬಂದದ್ದು ಒಂದು, ವರ್ಗಾಯಿಸಿ ವಿಲೇ ಮಾಡಿದ್ದು ಒಂದು ಅಂತ ಬರೆಯುತ್ತಾರೆ. ಕೇಳಿದವನು ಒಬ್ಬ, ಒಂದು ಹಾಳೆ.

ನಿವೃತ್ತಿಯ ಮೇಲೆ ಕುತೂಹಲಕ್ಕೆ ಅಮೆರಿಕದವರ ಪದ್ಧತಿ ಓದಿದೆ. ಅವರ ಮಾಹಿತಿ ಸ್ವಾತಂತ್ರ್ಯ ಕಾಯ್ದೆ 1966ರದು, ಉತ್ತರಕ್ಕೆ 20 ಕೆಲಸದ ದಿನದ ಗಡುವು. ಅಲ್ಲಿ ಪ್ರತಿ ಕೇಂದ್ರ ಇಲಾಖೆ ಫೆಬ್ರವರಿ 1ರೊಳಗೆ ಅಟಾರ್ನಿ ಜನರಲ್‌ಗೆ ತನ್ನ ವಾರ್ಷಿಕ ವರದಿ ಕೊಡಬೇಕು. ಎಷ್ಟು ದಿನ ಹಿಡಿಯಿತು ಅನ್ನೋದನ್ನ ಸರಾಸರಿ ಮಾತ್ರವಲ್ಲ, ನಡುವಿನ ಅಂಕಿಯನ್ನೂ (ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ಇಟ್ಟರೆ ಮಧ್ಯದಲ್ಲಿ ಬರುವುದು) ತೋರಿಸಬೇಕು. 'ದಾಖಲೆ ಇಲ್ಲ' ಅಂತ ಕಳಿಸಿದ್ದಕ್ಕೆ ಬೇರೆಯೇ ಕಾಲಂ. ನನಗೆ ಹಿಡಿಸಿದ್ದು ಇನ್ನೊಂದು: ಉತ್ತರ ಕೊಡದೆ ಬಾಕಿ ಉಳಿಸಿಕೊಂಡ ಅರ್ಜಿಗಳಲ್ಲಿ ಅತಿ ಹಳೆಯ ಹತ್ತು ಯಾವ ತಾರೀಕಿನವು ಅಂತ ವರದಿಯಲ್ಲೇ ಹಾಕಬೇಕು. ಅಲ್ಲೂ ಬಾಕಿ ಬೆಟ್ಟದಷ್ಟಿದೆ, ಸ್ವರ್ಗವೇನಲ್ಲ. ಆದರೂ ನಮ್ಮ ತಖ್ತೆಯಲ್ಲಿ ಹಳೇ ಹತ್ತು ಅರ್ಜಿಯ ತಾರೀಕು ಬರೆಯಿರಿ ಅಂದಿದ್ದರೆ, ನನ್ನ ಮೇಜಿನ ಎಡಗಡೆಯ ಡ್ರಾಯರ್ ವರ್ಷಕ್ಕೊಂದು ಸಲವಾದರೂ ಖಾಲಿ ಆಗುತ್ತಿತ್ತು.

ಸರಿ, ನೀವೇನು ಮಾಡಬಹುದು? ವಾರ್ಷಿಕ ವರದಿ ಬಿಡಿ, ಅದರ ಬೇರು ಇರುವ ಆರ್‌ಟಿಐ ವಹಿಯನ್ನೇ ಕೇಳಿ. ನಮೂನೆ 'ಎ'ಯಲ್ಲಿ ಒಂದು ಅರ್ಜಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, ಹಾಗಾಗಿ ಪೀಠಿಕೆ, ಸಂವಿಧಾನ, ಭ್ರಷ್ಟಾಚಾರ ಎಲ್ಲ ಬೇಡ. ಹೀಗೆ ಬರೆದರೆ ಸಾಕು: "ಇಂಥ ವರ್ಷದ ಏಪ್ರಿಲ್ 1ರಿಂದ ಮುಂದಿನ ಮಾರ್ಚ್ 31ರವರೆಗೆ ತಮ್ಮ ಕಚೇರಿಯ ಆರ್‌ಟಿಐ ವಹಿಯಲ್ಲಿ ನಮೂದಾದ ಅರ್ಜಿಗಳ ಕ್ರಮಸಂಖ್ಯೆ, ಸ್ವೀಕರಿಸಿದ ದಿನಾಂಕ, ವಿಷಯ, ಉತ್ತರ ರವಾನಿಸಿದ ದಿನಾಂಕ, ವಿಲೇವಾರಿಯ ಸ್ವರೂಪ, ಹಾಗೂ ಅದೇ ವರ್ಷಕ್ಕೆ ಮೇಲಿನ ಕಚೇರಿಗೆ ಕಳಿಸಿದ ವಾರ್ಷಿಕ ತಖ್ತೆಯ ಪ್ರತಿ. ಅರ್ಜಿದಾರರ ಹೆಸರು, ವಿಳಾಸ ಮರೆಮಾಡಿ ಕೊಡುವುದು." ಆ ಕೊನೆಯ ವಾಕ್ಯ ಮರೆಯಬೇಡಿ. ಅದಿಲ್ಲದಿದ್ದರೆ 8(1)(ಜೆ) ಅಂತ ಒಂದೇ ಸಾಲಿನಲ್ಲಿ ವಾಪಸ್ ಬರುತ್ತೆ, ನಾನಾಗಿದ್ದರೂ ಕಳಿಸುತ್ತಿದ್ದೆ. ನಕಲು ಪುಟಕ್ಕೆ ಎರಡು ರೂಪಾಯಿ. ಮೂವತ್ತು ದಿನ ದಾಟಿ ಕೊಟ್ಟರೆ 7(6)ರ ಪ್ರಕಾರ ಪುಕ್ಕಟೆ.

ವಹಿಯ ನಕಲು ಬಂದ ಮೇಲೆ ಒಂದು ಸ್ಕೇಲು, ಒಂದು ಪೆನ್ಸಿಲ್ ಹಿಡಿದು ಕೂತುಕೊಳ್ಳಿ. ಬಂದ ದಿನ, ಹೋದ ದಿನದ ನಡುವಿನ ಅಂತರ ಪಕ್ಕದಲ್ಲಿ ಬರೆಯಿರಿ. ವಿಲೇವಾರಿಯ ಸ್ವರೂಪದಲ್ಲಿ 'ಮಾಹಿತಿ ನೀಡಿದೆ', 'ಹಿಂಬರಹ ನೀಡಿದೆ', 'ವರ್ಗಾಯಿಸಿದೆ' ಇವು ಮೂರನ್ನೂ ಬೇರೆಬೇರೆ ಎಣಿಸಿ. 'ಹಿಂಬರಹ ನೀಡಿದೆ' ಅಂತ ಬರೀ ಅಷ್ಟೇ ಇದ್ದರೆ ಬಹುಪಾಲು ಏನೂ ಕೊಟ್ಟಿಲ್ಲ ಅಂತಲೇ ಅರ್ಥ. ಹಲವು ಅರ್ಜಿಗಳಿಗೆ ಒಂದೇ ರವಾನೆ ದಿನಾಂಕ ಇದ್ದರೆ, ಅದೂ ಮಾರ್ಚ್ ಕೊನೆಯಲ್ಲಿ ಇದ್ದರೆ, ಅಂಚೆ ರವಾನೆ ವಹಿಯನ್ನೂ ನೋಡಬೇಕು ಅನ್ನಿ. ನಕಲೇ ಬೇಕಂತಿಲ್ಲ, ಖುದ್ದು ಹೋಗಿ ಕಡತ ಪರಿಶೀಲಿಸುವುದೂ ಈ ಕಾಯ್ದೆಯ 2(ಜೆ)ಯಲ್ಲಿ ನಿಮ್ಮ ಹಕ್ಕು. ಕೊಡದಿದ್ದರೆ ಮೂವತ್ತು ದಿನದೊಳಗೆ ಪ್ರಥಮ ಮೇಲ್ಮನವಿ, ಅದಾದ ಮೇಲೆ ತೊಂಬತ್ತು ದಿನದೊಳಗೆ ಆಯೋಗಕ್ಕೆ.

ಹಗೆ ವಿಷಯ. ಸಣ್ಣ ಊರು, ಯಾರು ಹಾಕಿದರು ಅಂತ ಸಂಜೆಯೊಳಗೆ ಕ್ಯಾಂಟೀನಿನವನಿಗೂ ಗೊತ್ತಾಗುತ್ತೆ, ಅದನ್ನ ತಪ್ಪಿಸಲಾಗಲ್ಲ. ಯಾಕೆ ಬೇಕು ಅಂತ ಕೇಳಿದರೆ ಹೇಳಬೇಕಾಗಿಲ್ಲ, 6(2) ಓದಿ. ಆದರೆ ನನ್ನ ಅನುಭವದಲ್ಲಿ ಗುಮಾಸ್ತರಿಗೆ ಸಿಟ್ಟು ಬರುವುದು ಅರ್ಜಿಯಿಂದಲ್ಲ, ಎಂತ ಕೇಳಿದ್ದಾರೆ ಅಂತಲೇ ತಿಳಿಯದ ಹತ್ತು ಪುಟದ ಅರ್ಜಿಯಿಂದ. ನೀವು ಕೇಳುತ್ತಿರೋದು ಕಚೇರಿಯಲ್ಲಿ ಇದ್ದೇ ಇರುವ ಒಂದು ವಹಿ, ಜೆರಾಕ್ಸ್ ಮಾಡಿ ಕೊಟ್ಟರೆ ಅವರ ಕೆಲಸ ಮುಗಿಯಿತು. ಪರಿಶೀಲನೆಗೆ ಹೋಗೋದಾದರೆ ಮಾರ್ಚ್ ಕೊನೆಯ ವಾರ ಬೇಡ, ಚುನಾವಣೆ ಹತ್ತಿರವೂ ಬೇಡ. ರೆಕಾರ್ಡ್ ರೂಮಿಗೇ ಕರೆದೊಯ್ದರೆ ಮೂಗಿಗೆ ಒಂದು ಟವೆಲ್ ಕಟ್ಟಿಕೊಳ್ಳಿ. ಆ ಬೂಷ್ಟಿನ ಕೆಮ್ಮು ನನಗೆ ಇನ್ನೂ ಹೋಗಿಲ್ಲ.