ಎಂಜಿನ್ನಿನ ಬಿ.ಪಿ. ನೋಡಿದ್ದೀರಾ?

ಪ್ರಶ್ನೆ: ನಾನು ಹಾಸನದವನು, ಈಗ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿದ್ದೇನೆ. ಹೋದ ತಿಂಗಳು 1972ರ ಬುಲ್ಟಾಕೊ ಶೆರ್ಪಾ ಟಿ ಟ್ರಯಲ್ಸ್ ಬೈಕ್ ಕೊಂಡೆ. 250 ಸಿಸಿ, ಟೂ ಸ್ಟ್ರೋಕ್. ಹತ್ತೊಂಬತ್ತು ವರ್ಷ ಶೆಡ್ಡಿನಲ್ಲಿ ನಿಂತಿದ್ದ ಗಾಡಿ. ಪ್ಲಗ್ ಬದಲಿಸಿ, ಪಾಯಿಂಟ್ ಉಜ್ಜಿ ಕಿಕ್ ಹೊಡೆದರೆ ಸ್ಟಾರ್ಟ್ ಆಗುತ್ತದೆ. ಆದರೆ ಐಡ್ಲಿಂಗ್‌ನಲ್ಲಿ ನಿಲ್ಲುವುದಿಲ್ಲ. ಎರಡು ನಿಮಿಷಕ್ಕೆ ತಾನಾಗಿಯೇ ರೇಸ್ ಆಗುತ್ತದೆ, ಎಕ್ಸಲೇಟರ್ ಪೂರ್ತಿ ಬಿಟ್ಟರೂ ಇಳಿಯುವುದಿಲ್ಲ. ಕಾರ್ಬೊರೇಟರ್ ಹೊಸದು ಹಾಕಿದೆ, ಆಗಲೂ ಅದೇ ಕಥೆ. ಮುಂದೇನು ಮಾಡಲಿ?

ಉತ್ತರ: ಮೊದಲು ಕಿಕ್ ಹೊಡೆಯುವುದನ್ನು ನಿಲ್ಲಿಸಿ. ಆಮೇಲೆ ಹಳೇ ಕಾರ್ಬೊರೇಟರನ್ನು ಕಸದ ಡಬ್ಬಿಯಿಂದ ವಾಪಸ್ ತನ್ನಿ. ಅದರ ತಪ್ಪೇನೂ ಇರಲಿಕ್ಕಿಲ್ಲ.

ಎಕ್ಸಲೇಟರ್ ಬಿಟ್ಟರೂ ರೇಸ್ ಇಳಿಯದ ಟೂ ಸ್ಟ್ರೋಕ್ ಎಂಜಿನ್ ಎಲ್ಲಿಂದಲೋ ಕಳ್ಳಗಾಳಿ ಎಳೆಯುತ್ತಿದೆ ಅಂತ ಲೆಕ್ಕ. ನನ್ನ ಅನುಮಾನ ಕ್ರ್ಯಾಂಕಿನ (ಪಿಸ್ಟನ್ ತಿರುಗಿಸುವ ದಂಡ) ಆಯಿಲ್ ಸೀಲಿನ ಮೇಲೆ. ಟೂ ಸ್ಟ್ರೋಕ್‌ನಲ್ಲಿ ಪೆಟ್ರೋಲ್-ಗಾಳಿಯ ಮಿಶ್ರಣ ಮೊದಲು ಕ್ರ್ಯಾಂಕ್ ಇರುವ ಗೂಡಿಗೆ (ಕ್ರ್ಯಾಂಕ್‌ಕೇಸ್) ಇಳಿದು, ಅಲ್ಲಿಂದ ಮೇಲಕ್ಕೆ ಹೋಗುತ್ತದೆ. ಕ್ರ್ಯಾಂಕಿನ ಎರಡೂ ತುದಿಯಲ್ಲಿರುವ ರಬ್ಬರ್ ಸೀಲು ಆ ಗೂಡನ್ನು ಬಿಗಿಯಾಗಿ ಮುಚ್ಚಿರಬೇಕು. ಹತ್ತೊಂಬತ್ತು ವರ್ಷ ಒಣಗಿದ ರಬ್ಬರು ಹಪ್ಪಳವಾಗಿರುತ್ತದೆ. ಮ್ಯಾಗ್ನೆಟೊ (ಪ್ಲಗ್ಗಿಗೆ ಕರೆಂಟು ಕೊಡುವ ಚಕ್ರ) ಕಡೆಯದು ಹೋದರೆ ಹೊರಗಿನ ಗಾಳಿ ನುಗ್ಗಿ ಮಿಶ್ರಣ ತೆಳುವಾಗುತ್ತದೆ, ಎಂಜಿನ್ ಕಾಯುತ್ತದೆ, ರೇಸ್ ಆಗುತ್ತದೆ. ಕ್ಲಚ್ ಕಡೆಯದು ಹೋದರೆ ಅಲ್ಲಿನ ಆಯಿಲನ್ನೇ ಕುಡಿದು ದಟ್ಟವಾಗಿ ಹೊಗೆ ಉಗುಳುತ್ತದೆ. ನೀವು ಹೊಗೆಯ ಮಾತೇ ಎತ್ತಿಲ್ಲ, ಹಾಗಾಗಿ ಮ್ಯಾಗ್ನೆಟೊ ಕಡೆಯೇ ಮೊದಲು ನೋಡಿ.

ಇಷ್ಟು ಖಡಾಖಂಡಿತವಾಗಿ ಹೇಳುವುದಕ್ಕೆ ಕಾರಣ ಇದೆ. ಲೀಡ್ಸ್‌ನಲ್ಲಿದ್ದಾಗ ನನ್ನ ಬಳಿಯೂ ಒಂದು ಶೆರ್ಪಾ ಇತ್ತು. ಮೈಸೂರಿನಲ್ಲಿ ಅಪ್ಪನ ಯೆಜ್ಡಿ ಬಿಚ್ಚಿ ಜೋಡಿಸಿದವನು ನಾನು, ಇದ್ಯಾವ ಮಹಾ ಅನ್ನುವ ಸೊಕ್ಕು. ಕಿಕ್ ಬೇರೆ ಯೆಜ್ಡಿಯ ಹಾಗೆ ಎಡಗಡೆಗೇ ಇತ್ತು. ತಂದ ದಿನವೇ ಸ್ಟಾರ್ಟ್ ಮಾಡಿದೆ. ರೇಸ್ ಆಗುತ್ತಿದ್ದುದನ್ನು ನೋಡಿ, ಆಹಾ ಎಂಥಾ ಜೀವ ಇದೆ ಅಂದುಕೊಂಡೆ. ಹತ್ತು ನಿಮಿಷಕ್ಕೆ ಪಿಸ್ಟನ್ ಕಚ್ಚಿಕೊಂಡು ಕಿರ್ರ್ ಅಂತ ಸೀಜ್ ಆಯಿತು. ಹೊಸ ಪಿಸ್ಟನ್, ಬೋರಿಂಗ್, ಜೊತೆಗೆ ಹೆಂಡತಿಯಿಂದ ಬೈಗುಳ.

ಆಮೇಲೆ ಬುದ್ಧಿ ಬಂದು ಮಾಡಿದ ಪರೀಕ್ಷೆ ಇದು. ಬಿ.ಪಿ. ನೋಡುವ ಹಳೇ ಕಾಲದ ಮೀಟರ್ ಬೇಕು, ಕೈಯಲ್ಲಿ ಒತ್ತುವ ಬಲ್ಬ್ ಇರುವಂಥದ್ದು. ಹಳೇ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದು, ಆ ತೂತಿಗೆ ಒಂದು ಸಣ್ಣ ಪೈಪ್ ಅಂಟಿಸಿ. ಕಾರ್ಬೊರೇಟರ್, ಸೈಲೆನ್ಸರ್ ಬಿಚ್ಚಿ. ಎರಡೂ ಬಾಯಿಗೆ ಸೈಕಲ್ ಟ್ಯೂಬಿನ ತುಂಡಿಟ್ಟು ಮೇಲೆ ತಗಡಿನ ಪಟ್ಟಿ ಬಿಗಿಯಿರಿ. ಪಿಸ್ಟನ್ನನ್ನು ಪೂರ್ತಿ ಕೆಳಗಿಳಿಸಿ, ಪೈಪಿಗೆ ಮೀಟರ್ ಸಿಕ್ಕಿಸಿ, ಆ ಪ್ಲಗ್ಗಿನ ಮೂಲಕ ಗಾಳಿ ಒತ್ತಿ. ಮುಳ್ಳು 260ಕ್ಕೆ ಬಂದರೆ ಸಾಕು, ಅದು ಸುಮಾರು 5 ಪಿಎಸ್‌ಐ. 300 ದಾಟಿಸಬೇಡಿ. ಐದು ನಿಮಿಷ ಮುಳ್ಳು ಹೆಚ್ಚುಕಡಿಮೆ ಅಲ್ಲೇ ನಿಂತರೆ ಸೀಲು ಗಟ್ಟಿ. ಸರ್ರನೆ ಇಳಿದರೆ ಸೋಪಿನ ನೀರು ಹಚ್ಚುತ್ತಾ ಹೋಗಿ, ಸಿಲಿಂಡರ್ ಬುಡದ ಗ್ಯಾಸ್ಕೆಟ್ಟನ್ನೂ ಬಿಡಬೇಡಿ. ನನ್ನದರಲ್ಲಿ ಮ್ಯಾಗ್ನೆಟೊ ಹಿಂದಿನಿಂದ ಬುಳುಬುಳು ಗುಳ್ಳೆ ಬಂತು. ಆ ಮೀಟರ್ ನನ್ನದಲ್ಲ, ಬೇಸಿಗೆಗೆ ಬಂದಿದ್ದ ಅಪ್ಪನದು. ಹಿಂದೆ ನಿಂತು ನೋಡುತ್ತಿದ್ದವರು, "ಇದಕ್ಕೆ ನನಗಿಂತ ಜಾಸ್ತಿ ಇದೆಯಲ್ಲೋ" ಅಂದರು.

ಅಂದಹಾಗೆ, ಮ್ಯಾಗ್ನೆಟೊ ಚಕ್ರ ಬಿಚ್ಚಲು ಅದರದೇ ಪುಲ್ಲರ್ ತರಿಸಿಕೊಳ್ಳಿ. ಸುತ್ತಿಗೆ ಮುಟ್ಟಲೇಬೇಡಿ, ಕ್ರ್ಯಾಂಕಿನ ತುದಿ ಹಾಳಾಗುತ್ತದೆ. ಚಕ್ರ ಬಿಚ್ಚಿದಾಗ ಪಾಯಿಂಟ್ ಗ್ಯಾಪನ್ನೂ 0.4 ಮಿ.ಮೀ.ಗೆ ಇಟ್ಟುಬಿಡಿ.

ಕಳ್ಳಗಾಳಿಯನ್ನು ರಸ್ತೆ ಗಾಡಿ ಒಂದಷ್ಟು ದಿನ ಹೇಗೋ ಸಹಿಸಬಹುದು, ಟ್ರಯಲ್ಸ್ ಗಾಡಿ ಸಹಿಸುವುದಿಲ್ಲ. ಉಳಿದ ಓದುಗರಿಗೆ ಹೇಳುವುದಾದರೆ, ಟ್ರಯಲ್ಸ್ ಎಂದರೆ ರೇಸಲ್ಲ. ಬಂಡೆ, ಕೆಸರು, ಹಳ್ಳಗಳ ಮೇಲೆ ಕಾಲು ನೆಲಕ್ಕೆ ಊರದೆ ನಡಿಗೆಯ ವೇಗದಲ್ಲಿ ಹೋಗಬೇಕು. ಒಮ್ಮೆ ಕಾಲು ಊರಿದರೆ ಒಂದು ಅಂಕ ದಂಡ, ಬಿದ್ದರೆ ಐದು. ಅಂದರೆ ಎಂಜಿನ್ ಬಹಳ ಹೊತ್ತು ಐಡ್ಲಿಂಗ್ ಹತ್ತಿರವೇ ಓಡುತ್ತದೆ. ಎಕ್ಸಲೇಟರ್ ಮುಚ್ಚಿದಾಗ ಒಳಗೆ ಹೋಗುವ ಗಾಳಿಯೇ ಒಂದಿಷ್ಟು, ಅದರಲ್ಲಿ ಕಳ್ಳಗಾಳಿಯ ಪಾಲು ದೊಡ್ಡದಾಗುತ್ತದೆ. ಟ್ರಯಲ್ಸ್ ಸವಾರ ಸ್ಯಾಮಿ ಮಿಲ್ಲರ್ 1964ರಲ್ಲಿ ಬಾರ್ಸಿಲೋನಾದ ಬುಲ್ಟಾಕೊದವರ ಜೊತೆ ಕೂತು ಈ ಗಾಡಿಯನ್ನು ತಿದ್ದಿದ್ದೇ ಇಂಥ ಆಮೆ ನಡಿಗೆಗಾಗಿ. ಮರುವರ್ಷ ಸ್ಕಾಟಿಷ್ ಸಿಕ್ಸ್ ಡೇಸ್ ಟ್ರಯಲ್ ಗೆದ್ದದ್ದೂ ಇದರಲ್ಲೇ. ಶೆರ್ಪಾ ನೆಟ್ಟಗಿದ್ದರೆ ಟಕ್... ಟಕ್... ಟಕ್ ಅನ್ನುತ್ತಾ ಬಂಡೆ ಹತ್ತುತ್ತದೆ, ಅಲ್ಲಿ ಹೋಗಿ ನೀವು ಚಹಾ ಕುಡಿಯಬಹುದು.

ನೀವು ಕೇಳದೇ ಇರುವ ಇನ್ನೊಂದು ವಿಷಯ ಟ್ಯಾಂಕು. ಅದು ಹಳೇ ಫೈಬರ್‌ಗ್ಲಾಸ್‌ನದೇ ಆಗಿದ್ದರೆ ಪೆಟ್ರೋಲಿನಲ್ಲಿರುವ ಎಥನಾಲ್ ಅದನ್ನು ಕರಗಿಸುತ್ತದೆ. ಕರಗಿದ ಅಂಟು ಕಾರ್ಬೊರೇಟರಿಗೆ ಇಳಿದರೆ ಗಾಳಿಯ ದಾರಿ ತೆರೆದು ಮುಚ್ಚುವ ಸ್ಲೈಡ್ ಮೆತ್ತಿಕೊಂಡು ಕೂರುತ್ತದೆ. ನಿಮ್ಮಲ್ಲಿ 2021ರ ಸೆಪ್ಟೆಂಬರ್‌ನಿಂದ ಮಾಮೂಲಿ ಪೆಟ್ರೋಲ್ ಇ10 (ಶೇ. 10ರವರೆಗೆ ಎಥನಾಲ್ ಇರುವುದು) ಆಗಿದೆ, ಅದನ್ನು ಹಾಕಬೇಡಿ. ಸ್ಟಾರ್ಟ್ ಮಾಡಿ ನೋಡುವಾಗ ಟ್ಯಾಂಕಿನ ಗೊಡವೆಯೇ ಬೇಡ, ಪೆಟ್ರೋಲಿಗೆ ತಡೆಯುವ ಸಣ್ಣ ಬಾಟಲಿಯೊಂದನ್ನು ನೇತುಹಾಕಿ. ನಾನಾಗಿದ್ದರೆ ಅಲ್ಯೂಮಿನಿಯಂ ಟ್ಯಾಂಕ್ ಕೊಂಡು ಹಳೆಯದನ್ನು ಗೋಡೆಗೆ ತೂಗುಹಾಕುತ್ತಿದ್ದೆ.

ಸೀಲು ಬದಲಿಸಿ ಮತ್ತೆ ಸ್ಟಾರ್ಟ್ ಮಾಡುವ ದಿನ ಲೀಟರಿಗೆ 40 ಮಿ.ಲೀ. ಟೂಟಿ ಆಯಿಲ್ ಹಾಕಿ. ಏರ್ ಫಿಲ್ಟರ್ ಬಿಚ್ಚಿಟ್ಟು, ಅಂಗೈ ಅಗಲದ ಮರದ ತುಂಡೊಂದನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ. ಮತ್ತೆ ರೇಸ್ ಆದರೆ ಅದರಿಂದ ಕಾರ್ಬೊರೇಟರಿನ ಬಾಯಿ ಮುಚ್ಚಿ, ಉಸಿರು ಕಟ್ಟಿ ನಿಲ್ಲುತ್ತದೆ.

ಪ್ರಶ್ನೆ: ನಮ್ಮ ಯೆಜ್ಡಿ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಬೀದಿಗೆಲ್ಲಾ ಹೊಗೆ. ಆಯಿಲ್ ಅಳತೆ ಸರಿಯಾಗಿಯೇ ಇದೆ. ಬೋರ್ ಕೆಲಸ ಮಾಡಿಸಬೇಕು ಅನ್ನುತ್ತಾರೆ, ಹೌದಾ? (ಮಂಡ್ಯದ ಓದುಗರು)

ಉತ್ತರ: ದುಡ್ಡು ಕೊಡುವ ಮೊದಲು ಗೇರ್ ಆಯಿಲ್ ಅಳೆಯಿರಿ. ಯೆಜ್ಡಿಯಲ್ಲಿ ಕ್ಲಚ್ಚಿಗೂ ಗೇರ್‌ಬಾಕ್ಸಿಗೂ ಒಂದೇ ಆಯಿಲ್. ಹೊರಗೆಲ್ಲೂ ಸೋರದೆ ಅದು ಕಡಿಮೆಯಾಗುತ್ತಿದ್ದರೆ ಎಡಗಡೆಯ ಕ್ರ್ಯಾಂಕ್ ಸೀಲು ಹೋಗಿದೆ. ಬೋರಿಗೆ ಕೈ ಹಚ್ಚಲು ಬಿಡಬೇಡಿ. ಮೇಲಿನ ಶೆಫೀಲ್ಡ್ ಉತ್ತರ ನಿಮಗೂ ಸೇರಿದ್ದೇ, ಬಿ.ಪಿ. ಮೀಟರ್ ಸಮೇತ.