ಕಿವಿಗೆ ಹಾಕಿದ ಡ್ರಾಪ್ಸ್‌ನಿಂದ ನಾಯಿಗೆ ಕಿವಿ ಕೇಳದ ಹಾಗೆ ಆಗುತ್ತದಾ?

ನಿಮ್ಮ 11 ವರ್ಷದ ಲ್ಯಾಬ್ರಡಾರ್‌ಗೆ ಮಳೆ ಶುರುವಾದಾಗಿನಿಂದ ಕಿವಿ ಸೋರುತ್ತಿತ್ತು, ಜೆಂಟಾಮೈಸಿನ್ ಇರುವ ಡ್ರಾಪ್ಸ್ ಹಾಕಿದ ಮೇಲೆ ಕರೆದರೂ ತಿರುಗಿ ನೋಡುತ್ತಿಲ್ಲ, ಇದು ಔಷಧಿಯಿಂದಲೇ ಆಗಿದ್ದಾ ಅಂತ ಕೇಳಿದ್ದೀರಿ. ಆಗಿರಬಹುದು. ಡ್ರಾಪ್ಸ್ ನಿಲ್ಲಿಸಿ, ಇವತ್ತೇ ಡಾಕ್ಟರಿಗೆ ಫೋನ್ ಮಾಡಿ. ಆದರೆ ಕಿವಿ ಹೋಗೇಬಿಟ್ಟಿತು ಅಂತ ಈಗಲೇ ಕೈಚೆಲ್ಲಬೇಡಿ.

ನಾನು ಡಾಕ್ಟರ್ ಅಲ್ಲ. ಕೊಡಗಿನ ಗೋಣಿಕೊಪ್ಪದ ಹತ್ತಿರ ನಮ್ಮ ಕಾಫಿ ತೋಟ, ಮನೆಯಲ್ಲಿ ಯಾವಾಗಲೂ ನಾಯಿ ಇದ್ದೇ ಇರುತ್ತದೆ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಅವುಗಳ ಮೈ ಒಣಗುವುದೇ ಕಷ್ಟ. ಕಿವಿ ಜೋತುಬಿದ್ದ ಲ್ಯಾಬ್, ಸ್ಪೇನಿಯಲ್‌ಗಳಿಗಂತೂ ಕಿವಿ ಸೋರುವುದು ಮಾಮೂಲು. ಹಾಗಾಗಿ ಈ ಬಾಟಲಿಗಳು ನಮ್ಮ ಕಡೆ ಎಲ್ಲರಿಗೂ ಪರಿಚಯ.

ಜೆಂಟಾಮೈಸಿನ್, ನಿಯೋಮೈಸಿನ್, ಅಮಿಕಾಸಿನ್ ಎಲ್ಲ ಒಂದೇ ಗುಂಪಿನ ಆಂಟಿಬಯೋಟಿಕ್‌ಗಳು. 1940ರ ದಶಕದಲ್ಲಿ ಟಿಬಿಗೆ ಬಂದ ಸ್ಟ್ರೆಪ್ಟೋಮೈಸಿನ್ ಕೂಡ ಇದೇ ಗುಂಪಿನದು. ಅದನ್ನು ತೆಗೆದುಕೊಂಡವರಲ್ಲಿ ಕೆಲವರಿಗೆ ತಲೆ ತಿರುಗುವುದು, ಕಿವಿ ಮಂದವಾಗುವುದು ಆಗಲೇ ಗೊತ್ತಾಗಿತ್ತು. ಒಳಕಿವಿಯಲ್ಲಿ ಸದ್ದನ್ನು ಹಿಡಿಯುವ ಸಣ್ಣ ಸಣ್ಣ ರೋಮಕೋಶಗಳಿರುತ್ತವೆ. ಈ ಔಷಧಿ ಅಲ್ಲಿವರೆಗೆ ಹೋದರೆ ಅವು ಸಾಯಬಹುದು. ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಆದರೆ ಅಲ್ಲಿವರೆಗೆ ಹೋಗುವುದು ಸುಲಭ ಅಲ್ಲ. ಮಧ್ಯದಲ್ಲಿ ಕಿವಿತಮಟೆ ಇದೆ. ಅದು ಸರಿಯಾಗಿದ್ದರೆ ಅಪಾಯ ಬಹಳ ಕಡಿಮೆ. ಹರಿದಿದ್ದರೆ ಹಾಕಿದ್ದೆಲ್ಲ ಒಳಗಿಳಿಯುತ್ತದೆ. ತುಂಬ ದಿನದಿಂದ ಸೋರುವ ಕಿವಿಯಲ್ಲಿ ತಮಟೆ ಹರಿದಿರುವುದು ಅಪರೂಪವೇನಲ್ಲ. ಇದನ್ನು ಟಾರ್ಚ್ ಹಿಡಿದು ನೋಡಲು ಆಗುವುದಿಲ್ಲ. ನಾಯಿಯ ಕಿವಿಯ ದಾರಿ ಮೊದಲು ಕೆಳಗಿಳಿದು, ಆಮೇಲೆ ಒಳಕ್ಕೆ ತಿರುಗುತ್ತದೆ. ತಮಟೆ ಇರುವುದು ಆ ತಿರುವಿನ ಆಚೆ. ಕಿವಿಯೊಳಗೆ ನೋಡುವ ಓಟೋಸ್ಕೋಪ್ ಬೇಕೇ ಬೇಕು. ಕೀವು ತುಂಬಿದ್ದರೆ ಮೊದಲು ತೊಳೆಯಬೇಕು, ಕೆಲವೊಮ್ಮೆ ಅದಕ್ಕೆ ಮತ್ತು ಬರಿಸುವ ಔಷಧಿ ಕೊಡಬೇಕಾಗುತ್ತದೆ. ನಿಮ್ಮ ಡಾಕ್ಟರ್ ಡ್ರಾಪ್ಸ್ ಬರೆಯುವ ಮೊದಲು ಹೀಗೆ ನೋಡಿದ್ದರಾ? ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ. ಔಷಧಿ ಕೆಟ್ಟದ್ದಲ್ಲ, ತಮಟೆ ನೋಡದೆ ಸುಮ್ನೆ ಸುರಿಯುವುದು ಕೆಟ್ಟದ್ದು.

ತೊಳೆಯಲು ಏನು ಬಳಸಿದಿರಿ ಅಂತಲೂ ಯೋಚಿಸಿ. ತಮಟೆ ಹರಿದಿದ್ದರೆ ಕ್ಲೋರ್‌ಹೆಕ್ಸಿಡಿನ್, ಸ್ಪಿರಿಟ್ ಎರಡೂ ಒಳಕಿವಿಗೆ ಹಾನಿ. ಬರಿ ಸಲೈನ್ ಆದರೆ ತೊಂದರೆ ಇಲ್ಲ.

ಧೈರ್ಯ ತರುವ ವಿಷಯವೂ ಇದೆ. ಜೆಂಟಾಮೈಸಿನ್, ಬೀಟಾಮೆಥಾಸೋನ್, ಕ್ಲೋಟ್ರಿಮಜೋಲ್ ಸೇರಿದ ನಾಯಿಗಳ ಕಿವಿ ಮುಲಾಮು ಇದೆಯಲ್ಲ, ಕೆಲವು ನಾಯಿಗಳಿಗೆ, ಅದರಲ್ಲೂ ವಯಸ್ಸಾದವಕ್ಕೆ ಕಿವಿ ಮಂದವಾಗಬಹುದು, ಸಾಮಾನ್ಯವಾಗಿ ಅದು ತಾತ್ಕಾಲಿಕ ಅಂತ ಅದರ ಚೀಟಿಯಲ್ಲೇ ಇರುತ್ತದೆ. ಎಷ್ಟೋ ಸಲ ನರಕ್ಕೆ ಏನೂ ಆಗಿರುವುದಿಲ್ಲ, ದಾರಿ ಕಟ್ಟಿರುತ್ತದೆ ಅಷ್ಟೆ. ನಮ್ಮ ಮುದಿ ಸ್ಪೇನಿಯಲ್‌ಗೆ ಆಗಿದ್ದು ಅದೇ. ಡಾಕ್ಟರ್ ತೊಳೆದಾಗ ಮುಲಾಮು, ಗುಗ್ಗೆ, ಕೂದಲು ಸೇರಿ ಅಂಟಿಕೊಂಡ ಕಂದು ಉಂಡೆ ಹೊರಬಂತು. ಊತ ಇಳಿದ ಮೇಲೆ ಅಡುಗೆಮನೆಯಲ್ಲಿ ತಟ್ಟೆ ಸದ್ದಾದರೆ ಜಗುಲಿಯಿಂದ ಎದ್ದು ಬರಲು ಶುರುಮಾಡಿತು. ಇನ್ನು 11 ವರ್ಷ ಅಂದರೆ ವಯಸ್ಸಿನಿಂದಲೂ ಕಿವಿ ಸ್ವಲ್ಪ ಮಂದವಾಗಿರಬಹುದು, ನಿಮಗೆ ಈಗ ಗಮನಕ್ಕೆ ಬಂದಿರಬಹುದು ಅಲ್ವಾ?

ಮನೆಯಲ್ಲೇ ಪರೀಕ್ಷೆ ಮಾಡುವುದಾದರೆ ನಿದ್ದೆಯಲ್ಲಿದ್ದಾಗ ಪಕ್ಕದ ಕೋಣೆಯಿಂದ ಬಿಸ್ಕತ್ ಪ್ಯಾಕೆಟ್ ಸದ್ದು ಮಾಡಿ. ಹತ್ತಿರ ಹೋಗಿ ಚಪ್ಪಾಳೆ ತಟ್ಟಿದರೆ ಗಾಳಿ ತಾಗಿಯೇ ಎದ್ದುಬಿಡುತ್ತದೆ. ಸದ್ದು ಕೇಳಿಸಿಕೊಂಡು ಎಲ್ಲೆಲ್ಲೋ ಹುಡುಕಿದರೆ ಒಂದೇ ಕಿವಿ ಕೇಳುತ್ತಿರಬಹುದು. ಖಚಿತವಾಗಿ ತಿಳಿಯಲು ಬಿಎಇಆರ್ ಅಂತ ಒಂದು ಪರೀಕ್ಷೆ ಇದೆ. ಕಿವಿಗೆ ಟಕ್ ಟಕ್ ಸದ್ದು ಕೊಟ್ಟು ಮಿದುಳು ಸ್ಪಂದಿಸುವುದನ್ನು ಅಳೆಯುತ್ತಾರೆ, ಎರಡೂ ಕಿವಿಗೆ ಬೇರೆ ಬೇರೆಯಾಗಿ.

ತಲೆ ಒಂದು ಕಡೆಗೆ ವಾಲಿದರೆ, ನಡೆಯುವಾಗ ತೂರಾಡಿದರೆ, ಕಣ್ಣುಗುಡ್ಡೆ ಅತ್ತಿತ್ತ ಓಡಿದರೆ ಫೋನ್ ಸಾಲದು, ಆ ದಿನವೇ ಕರೆದುಕೊಂಡು ಹೋಗಿ. ಕಿವಿ ಸರಿಯಾಗುವವರೆಗೆ ತೋಟದಲ್ಲಿ ಬಿಡಬೇಡಿ, ಸರಪಳಿ ಹಾಕಿಯೇ ಓಡಾಡಿಸಿ. ಜೀಪು ಹಿಂದೆ ಬಂದರೂ ಅದಕ್ಕೆ ಗೊತ್ತಾಗುವುದಿಲ್ಲ. ನಮ್ಮ ಕಡೆ ಆನೆಯ ಭಯ ಬೇರೆ.

ಹೋದ ವರ್ಷ ಉಳಿದ ಬಾಟಲಿ, ಮನೆಯವರ ಕಿವಿಗೆ ತಂದ ಡ್ರಾಪ್ಸ್, ಇವನ್ನು ಹಾಕಬೇಡಿ. ಕಿವಿಯಲ್ಲಿ ಕಾಫಿ ಗಸಿಯಂಥ ಕಪ್ಪು ಪುಡಿ ಕಂಡರೆ ಅದು ಕಿವಿಹುಳ ಇರಬಹುದು, ಅದರ ಔಷಧಿಯೇ ಬೇರೆ. ಡಾಕ್ಟರ್ ಹತ್ತಿರ ಹೋಗುವಾಗ ಈಗಿನ ಡ್ರಾಪ್ಸ್ ಬಾಟಲಿ ಜೊತೆಗಿರಲಿ. ಹೃದಯಕ್ಕೆ ಅಂತ ಫ್ಯುರೋಸೆಮೈಡ್ ಮಾತ್ರೆ ಕೊಡುತ್ತಿದ್ದರೆ ಆ ಚೀಟಿಯನ್ನೂ ತೋರಿಸಿ. ಅದು ಜೆಂಟಾಮೈಸಿನ್ ಜೊತೆ ಸೇರಿದರೆ ಒಳಕಿವಿಗೆ ಅಪಾಯ ಜಾಸ್ತಿ.