ಮನೆಯ ಹಳೆಯ ಅಮೆರಿಕನ್ ಕಾರು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮ ಮಾವನವರು ಅಕ್ಕರೆಯಿಂದ ಇಟ್ಟುಕೊಂಡಿದ್ದ 1965ರ ಫೋರ್ಡ್ ಮಸ್ಟಾಂಗ್, ಎಂಟು ಸಿಲಿಂಡರಿನ 289 ವಿ8 ಎಂಜಿನ್ನಿನದು, ಹತ್ತು ವರ್ಷಕ್ಕೂ ಮೇಲಾಯಿತು, ಗ್ಯಾರೇಜಿನಲ್ಲೇ ನಿಂತಿದೆ. ಅವರು ಹೋದ ಮೇಲೆ ಯಾರೂ ಮುಟ್ಟಿಲ್ಲ. ಮಗಳ ಮದುವೆಗೆ ಅದರಲ್ಲೇ ಹೋಗಬೇಕೆಂದು ಮನೆಯವರಿಗೆಲ್ಲ ಆಸೆ. ಹೊಸ ಬ್ಯಾಟರಿ ಹಾಕಿ ಸ್ಟಾರ್ಟ್ ಮಾಡಿ ನೋಡಬಹುದೇ?
— ಓದುಗರೊಬ್ಬರು, ಒಹಾಯೊ

ಉತ್ತರ: ದಯವಿಟ್ಟು ಬೇಡ. ನಿಂತ ಎಂಜಿನ್ನಿಗೆ ಪೆಟ್ಟು ಬೀಳುವುದು ಹೆಚ್ಚಾಗಿ ಆ ಮೊದಲ ಸ್ಟಾರ್ಟಿನಲ್ಲೇ. ಸಿಲಿಂಡರಿನ ಗೋಡೆಗೆ ತುಕ್ಕು ಹಿಡಿದು ಪಿಸ್ಟನ್ ರಿಂಗು ಅಂಟಿಕೊಂಡಿರುತ್ತದೆ, ವಾಲ್ವು ತನ್ನ ಗೈಡಿನಲ್ಲಿ ಕಚ್ಚಿಕೊಂಡಿರುತ್ತದೆ. ಸ್ಟಾರ್ಟರ್ ಮೋಟಾರು ಅದನ್ನೆಲ್ಲ ನೋಡದೆ ಎಳೆಯುತ್ತದೆ. ವಾಲ್ವನ್ನು ಆಡಿಸುವ ಕಡ್ಡಿ, ಅಂದರೆ ಪುಶ್‌ರಾಡ್, ಬಾಗುತ್ತದೆ, ರಿಂಗು ಮುರಿಯುತ್ತದೆ.

ಮೊದಲು ಎಂಟೂ ಪ್ಲಗ್ ಬಿಚ್ಚಿ. ಈ ಎಂಜಿನ್ನಿನ ಪ್ಲಗ್ಗಿಗೆ 13/16 ಇಂಚಿನ ಸಾಕೆಟ್ ಬೇಕು. ಯಾವ ಪ್ಲಗ್ ಯಾವ ಸಿಲಿಂಡರಿನದು ಎಂದು ಗುರುತು ಹಾಕಿ ಸಾಲಾಗಿ ಇಡಿ: ಒಂದೇ ಪ್ಲಗ್ ಮಾತ್ರ ತುಕ್ಕಾಗಿದ್ದರೆ ಆ ಸಿಲಿಂಡರಿಗೆ ನೀರು ಇಳಿದಿದೆ ಎಂದು ಅನುಮಾನಿಸಬೇಕು. ಪ್ರತಿ ಸಿಲಿಂಡರಿಗೂ ಎರಡು ದೊಡ್ಡ ಚಮಚ ತೆಳು ಎಣ್ಣೆ ಬಿಟ್ಟು ಎರಡು ದಿನ ಹಾಗೇ ಬಿಡಿ. ಅನಂತರ ಗೇರನ್ನು ನ್ಯೂಟ್ರಲ್ಲಿಗೆ ತಂದು, ಮುಂದಿನ ಪುಲ್ಲಿಯ ನಡುವಿನ ಬೋಲ್ಟಿಗೆ 15/16 ಇಂಚಿನ ಸಾಕೆಟ್ಟನ್ನೂ ಉದ್ದದ ಹಿಡಿಯನ್ನೂ ಹಾಕಿ, ಮುಂದೆ ನಿಂತು ನೋಡಿದಾಗ ಬಲಸುತ್ತು ಬರುವಂತೆ ನಿಧಾನವಾಗಿ ತಿರುಗಿಸಿ. ಕೈಗೆ ತಡೆ ಸಿಕ್ಕರೆ ಬಲ ಹಾಕಬೇಡಿ. ತುಸು ಹಿಂದೆ, ತುಸು ಮುಂದೆ ಆಡಿಸಿ ಮತ್ತೆ ಎಣ್ಣೆ ಬಿಡಿ. ರಾಕರ್ ಕವರುಗಳನ್ನು ಬಿಚ್ಚಿ, ಎರಡು ಪೂರ್ತಿ ಸುತ್ತಿನಲ್ಲಿ ವಾಲ್ವನ್ನು ಒತ್ತುವ ಹದಿನಾರೂ ರಾಕರ್ ತೋಳುಗಳು ಮೇಲೆ ಕೆಳಗೆ ಆಡುತ್ತವೆಯೇ ಎಂದು ಕಣ್ಣಾರೆ ನೋಡಿ. ಈ ಒಂದು ಕೆಲಸವನ್ನು ಬಿಟ್ಟುಬಿಡುವವರೇ ಹೆಚ್ಚು.

ಎಂಜಿನ್ ಆಯಿಲ್ ಬದಲಿಸಿ. ಫಿಲ್ಟರೂ ಸೇರಿ 5 ಕ್ವಾರ್ಟ್ ಹಿಡಿಯುತ್ತದೆ. ತೆಗೆದ ಆಯಿಲ್ ಪೆಟ್ರೋಲ್ ವಾಸನೆ ಹೊಡೆದರೆ ಪೆಟ್ರೋಲ್ ಪಂಪಿನ ಡಯಾಫ್ರಮ್ ಹರಿದು ಪೆಟ್ರೋಲು ಕೆಳಗಿಳಿದಿದೆ ಎಂದರ್ಥ, ಪಂಪು ಬದಲಾಯಿಸದೆ ಮುಂದೆ ಹೋಗಬೇಡಿ. ಪ್ಲಗ್ಗಿಗೆ ಕಿಡಿ ಒದಗಿಸುವ ಕಾಯಿಲಿನ ವಯರು ಕಳಚಿ, ಪ್ಲಗ್ ಇಲ್ಲದೆಯೇ ಹತ್ತು ಹದಿನೈದು ಸೆಕೆಂಡಿನಂತೆ ಬಿಟ್ಟು ಬಿಟ್ಟು ಸ್ಟಾರ್ಟರ್ ಆಡಿಸಿ. ಆಯಿಲ್ ದೀಪ ಆರುವವರೆಗೆ, ಮೀಟರಿದ್ದರೆ ಮುಳ್ಳು ಏಳುವವರೆಗೆ, ಕಿಡಿ ಕೊಡಬೇಡಿ.

ಟ್ಯಾಂಕಿನಲ್ಲಿರುವ ಪೆಟ್ರೋಲನ್ನು ಹನಿಯೂ ಬಳಸಬೇಡಿ. ಹಳಸಿದ ಪೆಟ್ರೋಲಿನಿಂದಲೂ ಎಂಜಿನ್ ಓಡೀತು, ಅಪಾಯ ಇರುವುದೇ ಅಲ್ಲಿ: ಅದರ ಅಂಟು ಬಿಸಿಯಲ್ಲಿ ವಾಲ್ವಿನ ಕಾಂಡಕ್ಕೆ ಮೆತ್ತಿಕೊಂಡು, ರಾತ್ರಿ ತಣ್ಣಗಾದಾಗ ಗಟ್ಟಿಯಾಗುತ್ತದೆ, ಮಾರನೆಯ ಬೆಳಗಿನ ಸ್ಟಾರ್ಟಿಗೆ ಪುಶ್‌ರಾಡುಗಳು ಬಾಗುತ್ತವೆ. ಪರೀಕ್ಷೆಗೆ ಹೊಸ ಪೆಟ್ರೋಲು ತುಂಬಿದ ಸಣ್ಣ ಕ್ಯಾನಿನಿಂದ ಪಂಪಿಗೆ ನೇರ ಪೈಪು ಕೊಡಿ, ಕ್ಯಾನನ್ನು ಎಂಜಿನ್ನಿನ ಬಿಸಿಯಿಂದ ದೂರ ಇಡಿ. ಈ ಕಾರಿನಲ್ಲಿ 16 ಗ್ಯಾಲನ್ನಿನ ಟ್ಯಾಂಕಿನ ಮೇಲ್ಮೈಯೇ ಡಿಕ್ಕಿಯ ನೆಲ. ಹಾಗಾಗಿ ಟ್ಯಾಂಕು ಸೋರಿದರೆ ಪೆಟ್ರೋಲ್ ವಾಸನೆ ಒಳಗಿನ ಸೀಟಿಗೇ ಬರುತ್ತದೆ. ಮದುವೆಯ ದಿನದ ಮಟ್ಟಿಗೆ ಅಲ್ಲ, ಯಾವ ದಿನಕ್ಕೂ ಅದನ್ನು ಸಹಿಸಿಕೊಳ್ಳಬೇಡಿ.

ಇಷ್ಟಾದರೂ ರಸ್ತೆಗೆ ಇಳಿಸುವ ಮಾತು ಬ್ರೇಕಿನ ನಂತರ. ಪೆಡಲು ಒತ್ತಿದಾಗ ಬ್ರೇಕ್ ಆಯಿಲನ್ನು ಚಕ್ರಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರಿನಲ್ಲಿ, 1965ರ ಮಸ್ಟಾಂಗಿನಲ್ಲಿ, ಇರುವುದು ಒಂದೇ ಕೋಣೆ, ನಾಲ್ಕೂ ಚಕ್ರಕ್ಕೆ ಒಂದೇ ಸಾಲು. ಎಲ್ಲೋ ಒಂದು ರಬ್ಬರ್ ಪೈಪು ಒಡೆದರೆ ಪೆಡಲು ನೆಲಕ್ಕೆ ಬೀಳುತ್ತದೆ, ಯಾವ ಚಕ್ರವೂ ನಿಲ್ಲುವುದಿಲ್ಲ. ಡ್ರಮ್ಮು ತೆಗೆದು ವೀಲ್ ಸಿಲಿಂಡರಿನ ತುದಿಯ ರಬ್ಬರ್ ಟೋಪಿಯನ್ನು ಬೆರಳಿನಿಂದ ಸರಿಸಿ ನೋಡಿ. ಒಳಗೆ ಒದ್ದೆ ಕಂಡರೆ ಸಿಲಿಂಡರ್ ಬದಲಿಸಲೇಬೇಕು. ಮುಂದಿನ ಎರಡು, ಹಿಂದಿನ ಒಂದು, ಈ ಮೂರೂ ರಬ್ಬರ್ ಪೈಪುಗಳನ್ನು ನೋಡಲು ಚೆನ್ನಾಗಿದ್ದರೂ ಬದಲಿಸಿ. ಅವು ಒಳಗೊಳಗೇ ಊದಿಕೊಂಡು ಮುಚ್ಚಿಹೋದರೆ ಬ್ರೇಕು ಹಿಡಿದದ್ದು ಬಿಡುವುದಿಲ್ಲ, ಕಾರು ಒಂದು ಕಡೆಗೆ ಎಳೆಯುತ್ತದೆ. ಹಳೆಯ ಬ್ರೇಕ್ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರುತ್ತದೆ, ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ. ಒದ್ದೆ ಮಾಡಿ ಒರೆಸಿ. ಕುಟುಂಬದವರನ್ನು ಕೂರಿಸಿಕೊಂಡು ಓಡಿಸುವುದಾದರೆ 1967ರ ಮಾದರಿಯಲ್ಲಿ ಬಂದ ಎರಡು ಕೋಣೆಯ ಮಾಸ್ಟರ್ ಸಿಲಿಂಡರನ್ನು ಹಾಕಿಸಿ. ಮೂಲರೂಪ ಕೆಡುತ್ತದೆ ಎಂದು ಯಾರಾದರೂ ಆಕ್ಷೇಪಿಸಿದರೆ ಕಿವಿಗೊಡಬೇಡಿ. ಹಳೆಯದನ್ನು ಡಬ್ಬಿಯಲ್ಲಿ ಜೋಪಾನ ಮಾಡಿದರಾಯಿತು.

ಟೈರಿನ ಪಕ್ಕೆಯಲ್ಲಿ ಇಂಗ್ಲಿಷಿನಲ್ಲಿ DOT ಎಂದಿರುವ ಸಾಲಿನ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ. ಮೂರೇ ಅಂಕಿ ಇದ್ದರೆ ಅದು 2000ಕ್ಕೂ ಹಿಂದಿನ ಟೈರು. ನೆಲಕ್ಕೆ ತಾಗುವ ಗೀರುಗಳು (ಟ್ರೆಡ್) ಎಷ್ಟೇ ಉಳಿದಿರಲಿ, ಹತ್ತು ವರ್ಷ ದಾಟಿದ್ದನ್ನು ಎಸೆಯಿರಿ.

ಕೊನೆಗೆ, ಮುಂಭಾಗದ ಕಾರ್ಪೆಟ್ ಎತ್ತಿ ಕೈಯಿಟ್ಟು ನೋಡಿ. ಮುಂದಿನ ಗಾಜಿನ ಬುಡದಲ್ಲಿರುವ ಗಾಳಿಕಿಂಡಿಯ ಕೆಳಗೆ ಒಂದು ತೊಟ್ಟಿಯಿದೆ. ಎಲೆ ಕಸ ಸೇರಿ ಅದು ತುಕ್ಕಾಗುವುದು ಈ ಕಾರಿನ ಹಳೆಯ ಕಾಯಿಲೆ. ಕಿಂಡಿಯ ಮೇಲೆ ಒಂದು ಚೊಂಬು ನೀರು ಸುರಿದು, ಡ್ಯಾಶ್‌ಬೋರ್ಡಿನ ಕೆಳಗೆ ಟಾರ್ಚ್ ಬಿಟ್ಟು ನೋಡಿ. ಹನಿ ಕಂಡರೆ ಮದುವೆಗೆ ಅಡ್ಡಿಯಿಲ್ಲ, ಆದರೆ ಮಳೆಯಲ್ಲಿ ನಿಲ್ಲಿಸಬೇಡಿ.

ಪ್ರಶ್ನೆ: ಅಪ್ಪ ಅಮೆರಿಕಕ್ಕೆ ಓದಲು ಬಂದ ಹೊಸದರಲ್ಲಿ ಕೊಂಡ ಕಾರಿನ ಪಕ್ಕ ನಿಂತಿರುವ ಕಪ್ಪು ಬಿಳುಪು ಫೋಟೋ ಒಂದೇ ನಮ್ಮಲ್ಲಿ ಉಳಿದಿದೆ. 'ಷೆವಿ' ಎನ್ನುತ್ತಿದ್ದರೇ ಹೊರತು ಯಾವ ವರ್ಷದ್ದೆಂದು ಹೇಳಿರಲಿಲ್ಲ. ಫೋಟೋ ನೋಡಿ ಪತ್ತೆ ಮಾಡಬಹುದೇ?
— ಓದುಗರೊಬ್ಬರು, ಮಿಷಿಗನ್

ಉತ್ತರ: ಖಂಡಿತ ಮಾಡಬಹುದು, ದೀಪಗಳಿಂದ ಶುರು ಮಾಡಿ. ಷೆವ್ರೊಲೆ ಕಾರುಗಳಿಗೆ ನಾಲ್ಕು ಹೆಡ್‌ಲೈಟ್ ಬಂದದ್ದು 1958ರ ಮಾದರಿಯಲ್ಲಿ. ದೊಡ್ಡ ಗಾತ್ರದ ಷೆವಿಗೆ ಎರಡೇ ಇದ್ದರೆ ಅದಕ್ಕಿಂತ ಹಿಂದಿನದು. ಮುಂದಿನ ಮತ್ತು ಹಿಂದಿನ ಫೆಂಡರಿನ ಪಕ್ಕದಲ್ಲಿ ಪುಟ್ಟ ದೀಪವೋ ಹೊಳೆಯುವ ಬಿಲ್ಲೆಯೋ ಕಂಡರೆ 1968 ಅಥವಾ ಈಚಿನದು, ಏಕೆಂದರೆ ಆ ವರ್ಷದಿಂದ ಅದು ಕಡ್ಡಾಯವಾಯಿತು. ಮುಂದಿನ ಸೀಟಿನ ತಲೆಯಾನಿಕೆ 1969ರ ಆರಂಭದಿಂದ ಕಡ್ಡಾಯ.

ಎರಡು ದೀಪದ ಷೆವಿ ಎಂದಾದರೆ ಮುಂದಿನ ಜಾಲರಿ ನೋಡಿ. 1955ರದ್ದು ಚಿಕ್ಕದು, ಚೌಕಚೌಕದ ಕಿಂಡಿ. 1956ರಲ್ಲಿ ಅದು ಕಾರಿನ ಪೂರ್ತಿ ಅಗಲಕ್ಕೆ ಹರಡಿತು. 1957ಕ್ಕೆ ಬಾನೆಟ್ಟಿನ ಮೇಲೆ ಎರಡು ಉದ್ದನೆಯ ಕ್ರೋಮ್ ಮೂತಿ, ಹಿಂದೆ ಚೂಪಾದ ರೆಕ್ಕೆ. 1957ರದ್ದೇ ಆಗಿದ್ದು, ಹಿಂಬದಿಯ ಪಕ್ಕದ ಕ್ರೋಮ್ ಪಟ್ಟಿಗಳ ನಡುವೆ ಗೀರುಗೀರಿನ ಅಲ್ಯುಮಿನಿಯಂ ತಗಡು ಹೊಳೆಯುತ್ತಿದ್ದರೆ ಬೆಲ್ ಏರ್. ಅದೇ ಜಾಗ ಬರೀ ಬಣ್ಣವಾಗಿದ್ದರೆ ಟೂ-ಟೆನ್ ಎಂಬ ಮಾದರಿ. ಪೆಟ್ರೋಲ್ ಮುಚ್ಚಳ ಎಲ್ಲೂ ಕಾಣುವುದಿಲ್ಲವಲ್ಲ ಎಂದು ಗಾಬರಿಯಾಗಬೇಡಿ: 1957ರಲ್ಲಿ ಅದು ಎಡಗಡೆಯ ರೆಕ್ಕೆಯ ಹಿಂದಿನ ಕ್ರೋಮ್ ಪಟ್ಟಿಯ ಹಿಂದೆ, 1956ರಲ್ಲಿ ಎಡ ಟೇಲ್‌ಲೈಟಿನ ಹಿಂದೆ ಅಡಗಿದೆ.

ಫೋಟೋವನ್ನು 600 ಡಿಪಿಐಗೆ ಕಡಿಮೆಯಿಲ್ಲದಂತೆ ಸ್ಕ್ಯಾನ್ ಮಾಡಿಸಿ, ನಂಬರ್ ಪ್ಲೇಟಿನ ಮೂಲೆಗಳನ್ನು ದೊಡ್ಡದು ಮಾಡಿ ನೋಡಿ. ರಾಜ್ಯದ ಹೆಸರಿನ ಜೊತೆ ವರ್ಷದ ಅಂಕಿ ಸಿಗುವುದುಂಟು. ಅದು ನೋಂದಣಿಯ ವರ್ಷ, ಕಾರಿನ ವರ್ಷವಲ್ಲ. ಆದರೂ ಫೋಟೋ ಯಾವಾಗ ತೆಗೆದದ್ದು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಪ್ರಶ್ನೆ: ದೊಡ್ಡಪ್ಪನವರ 1963ರ ಪ್ಲಿಮತ್ ವೇಲಿಯಂಟ್, ಆರು ಸಿಲಿಂಡರಿನದು. ಕೀ ತಿರುಗಿಸಿ ಹಿಡಿದಿರುವಷ್ಟು ಹೊತ್ತು ಎಂಜಿನ್ ಉರಿಯುತ್ತದೆ, ಕೈ ಬಿಟ್ಟ ಕೂಡಲೇ ಆರುತ್ತದೆ. ಕಾರ್ಬ್ಯುರೇಟರ್ ಎರಡು ಸಲ ಬಿಚ್ಚಿಸಿದೆವು. ಸಾಲದ್ದಕ್ಕೆ ಎಡಗಡೆಯ ಚಕ್ರದ ಒಂದು ನಟ್ಟು ತಿರುಗದೆ ಬೋಲ್ಟೇ ಮುರಿಯಿತು.
— ಓದುಗರೊಬ್ಬರು, ನ್ಯೂಜೆರ್ಸಿ

ಉತ್ತರ: ಕಾರ್ಬ್ಯುರೇಟರಿನ ತಂಟೆಗೆ ಹೋಗಬೇಡಿ. ಎಂಜಿನ್ನಿನ ಹಿಂಬದಿಯ ತಗಡಿನ ಗೋಡೆಗೆ ಬೆರಳುದ್ದದ ಬಿಳಿ ಪಿಂಗಾಣಿ ತುಂಡೊಂದು ಸ್ಕ್ರೂ ಹಾಕಿ ಕೂರಿಸಿರುತ್ತದೆ, ಎರಡು ತುದಿಗೂ ವಯರು. ಅದು ಬ್ಯಾಲಸ್ಟ್ ರೆಸಿಸ್ಟರ್. ಸ್ಟಾರ್ಟ್ ಮಾಡುವಾಗ ಕಾಯಿಲಿಗೆ ಬ್ಯಾಟರಿಯ ಪೂರ್ತಿ ವೋಲ್ಟೇಜು ನೇರವಾಗಿ ಹೋಗುತ್ತದೆ. ಕೀ ಬಿಟ್ಟಾಗ ಈ ತುಂಡಿನ ಮೂಲಕ ತಗ್ಗಿ ಹೋಗುತ್ತದೆ. ಒಳಗಿನ ತಂತಿ ತುಂಡಾದರೆ ನೀವು ಹೇಳಿದ ಲಕ್ಷಣವೇ ಕಾಣುತ್ತದೆ.

ಕೀ ಆನ್, ಎಂಜಿನ್ ಆಫ್, ಡಿಸ್ಟ್ರಿಬ್ಯೂಟರಿನೊಳಗೆ ತೆರೆದು ಮುಚ್ಚುವ ಸ್ವಿಚ್ಚು, ಅಂದರೆ ಪಾಯಿಂಟು, ಮುಚ್ಚಿರುವಂತೆ ಮಾಡಿ ಮೀಟರ್ ಹಿಡಿಯಿರಿ. ಒಂದು ತುದಿಯಲ್ಲಿ 12ರ ಹತ್ತಿರ, ಕಾಯಿಲಿನ ಕಡೆ ಸುಮಾರು ಅದರರ್ಧ ಇರಬೇಕು. ಕಾಯಿಲಿನ ಕಡೆ ಸೊನ್ನೆಯಾದರೆ ತುಂಡು ಸುಟ್ಟಿದೆ. ಎರಡೂ ಕಡೆ ಸೊನ್ನೆಯಾದರೆ ಕೀ ಸ್ವಿಚ್ಚು ಅಥವಾ ಆ ತಗಡಿನ ಗೋಡೆಯನ್ನು ವಯರುಗಳು ದಾಟುವ ಕಡೆಯ ದೊಡ್ಡ ಕನೆಕ್ಟರ್ ಕಪ್ಪಾಗಿದೆ. ತುಂಡಿನ ಬದಲು ವಯರು ಬೆಸೆದು ಓಡಿಸಲು ಹೋಗಬೇಡಿ, ಪಾಯಿಂಟು ಸುಡುತ್ತದೆ, ಕಾಯಿಲು ಕಾಯುತ್ತದೆ. ಹೊಸದು ಎರಡು ತಂದು ಒಂದನ್ನು ಗ್ಲೋವ್ ಬಾಕ್ಸಿನಲ್ಲಿಡಿ. ಪಾಯಿಂಟಿನ ಅಂತರ 0.020 ಇಂಚು, ಪ್ಲಗ್ಗಿನದು 0.035.

ಇನ್ನು ನಟ್ಟು. ಆ ಕಾಲದ ಕ್ರೈಸ್ಲರ್, ಡಾಡ್ಜ್, ಪ್ಲಿಮತ್ ಕಾರುಗಳಲ್ಲಿ ಎಡಬದಿಯ ಚಕ್ರಗಳಿಗೆ ಉಲ್ಟಾ ಮರೆ (ತಿರುಪು). ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಬೋಲ್ಟಿನ ತುದಿಯಲ್ಲಿ ಇಂಗ್ಲಿಷಿನ 'ಎಲ್' ಅಕ್ಷರ ಒತ್ತಿರುತ್ತದೆ, ತುಕ್ಕು ಉಜ್ಜಿ ನೋಡಿ. ಟೈರ್ ಅಂಗಡಿಯವರಿಗೆ ಮೊದಲೇ ಹೇಳಿ. ಗಾಳಿ ಗನ್ನು ಹಿಡಿದವರು ಇದನ್ನು ನೋಡುವುದಿಲ್ಲ. ಮುರಿದ ಬೋಲ್ಟಿನ ಜಾಗಕ್ಕೂ ಎಡಮರೆಯದ್ದನ್ನೇ ಹಾಕಿಸಿ, ಒಂದೇ ಚಕ್ರದಲ್ಲಿ ಎರಡು ಬಗೆ ಬೇಡ.

ಪ್ರಶ್ನೆ: 1966ರ ಮಸ್ಟಾಂಗ್, ಆಟೋಮ್ಯಾಟಿಕ್. ಹೊರಡುವಾಗ ತೀರಾ ಮಂದ. ಗೇರ್‌ಬಾಕ್ಸ್ ಹೋಗಿದೆ ಎನ್ನುತ್ತಾರೆ.
— ಓದುಗರೊಬ್ಬರು, ಕ್ಯಾಲಿಫೋರ್ನಿಯಾ

ಉತ್ತರ: ಗೇರ್‌ಬಾಕ್ಸ್ ಬಿಚ್ಚಿಸುವ ಮುನ್ನ ಲಿವರ್ ಯಾವ ಚುಕ್ಕೆಯ ಮೇಲಿದೆ ನೋಡಿ. 1964ರಿಂದ 1966ರವರೆಗಿನ ಸಿ4 ಗೇರ್‌ಬಾಕ್ಸಿನಲ್ಲಿ ಮುಂದಕ್ಕೆ ಹೋಗಲು ಎರಡು ಚುಕ್ಕೆಗಳಿವೆ. ದೊಡ್ಡ ಹಸಿರು ಚುಕ್ಕೆಯಲ್ಲಿ ಮೂರೂ ಗೇರು ಸಿಗುತ್ತವೆ. ಚಿಕ್ಕ ಚುಕ್ಕೆಯಲ್ಲಿ ಕಾರು ಎರಡನೆಯ ಗೇರಿನಲ್ಲೇ ಹೊರಡುತ್ತದೆ. ಅದು ಹಿಮದ, ಜಾರುವ ರಸ್ತೆಗೆಂದು ಇಟ್ಟದ್ದು. ಹಸಿರು ಚುಕ್ಕೆಯಲ್ಲೂ ಮಂದವಾಗಿದ್ದರೆ ಆಗ ಗೇರ್‌ಬಾಕ್ಸಿನ ಆಯಿಲ್ ನೋಡಿ: ಇದಕ್ಕೆ ಬೇಕಾದದ್ದು ಟೈಪ್ ಎಫ್ ಎಂಬ ಬಗೆ.

ಪ್ರಶ್ನೆ: ಈಗಿನ ಸೀಸವಿಲ್ಲದ ಪೆಟ್ರೋಲು ಅಜ್ಜನ ಕಾಲದ ಎಂಜಿನ್ನಿಗೆ ವಿಷವೆನ್ನುತ್ತಾರೆ. ನಿಜವೇ?
— ಓದುಗರೊಬ್ಬರು, ಟೆಕ್ಸಸ್

ಉತ್ತರ: ಭಯ ಅರ್ಧ ನಿಜ, ಅದೂ ತಪ್ಪು ಜಾಗದಲ್ಲಿ. ಅಮೆರಿಕದ ರಸ್ತೆ ವಾಹನಗಳಿಗೆ ಸೀಸದ ಪೆಟ್ರೋಲು 1996ರ ಜನವರಿ 1ರಿಂದ ನಿಷಿದ್ಧ. ಸೀಸವಿಲ್ಲದಿದ್ದರೆ ಎಕ್ಸಾಸ್ಟ್ ವಾಲ್ವು ಕೂರುವ ಮೆತ್ತನೆಯ ಪೀಠ ಸವೆದು ವಾಲ್ವು ಒಳಕ್ಕೆ ಇಳಿಯುತ್ತದೆ. ಆದರೆ ಅದಕ್ಕೆ ಬಹಳ ಹೊತ್ತಿನ ಅತಿವೇಗ ಅಥವಾ ಭಾರ ಎಳೆಯುವ ಕೆಲಸ ಬೇಕು. ಭಾನುವಾರ ಒಂದು ಸುತ್ತು ಹೋಗಿ ಬರುವ ಕಾರಿಗೆ ತಲೆ ಕೆಡಿಸಿಕೊಳ್ಳಬೇಡಿ. ಎಂಜಿನ್ ಬಿಚ್ಚುವ ಸಂದರ್ಭ ಬಂದರೆ ಗಟ್ಟಿ ಪೀಠ ಹಾಕಿಸಿ, ಸಾಕು. ಮೇಲೆ ಹೇಳಿದ ಪ್ಲಿಮತ್ತಿನ, ಓರೆಯಾಗಿ ಕೂರಿಸಿದ ಆರು ಸಿಲಿಂಡರಿನ ಎಂಜಿನ್ನಿನಂತೆ ವಾಲ್ವಿನ ಅಂತರ ಕೈಯಿಂದ ಹೊಂದಿಸುವ ಎಂಜಿನ್ನಾದರೆ ಅಳೆದೇ ತಿಳಿಯಬಹುದು: ಬಿಸಿಯಲ್ಲಿ ಇಂಟೇಕ್ 0.010, ಎಕ್ಸಾಸ್ಟ್ 0.020 ಇಂಚು. ಎಕ್ಸಾಸ್ಟಿನ ಅಂತರ ಪದೇಪದೇ ಕಡಿಮೆಯಾಗುತ್ತಿದ್ದರೆ ಪೀಠ ಸವೆಯುತ್ತಿದೆ.

ನಿಜವಾದ ಕಾಟ ಎಥನಾಲಿನದು. ಶೇ 10 ಎಥನಾಲ್ ಇರುವ ಪೆಟ್ರೋಲು ಹಳೆಯ ರಬ್ಬರನ್ನು ಕರಗಿಸುತ್ತದೆ, ತೇವ ಹೀರುತ್ತದೆ, ನಿಂತ ಟ್ಯಾಂಕಿನಲ್ಲಿ ನೀರು ಬೇರ್ಪಟ್ಟು ತಳ ಸೇರುತ್ತದೆ. ರಬ್ಬರ್ ಪೈಪುಗಳನ್ನೆಲ್ಲ 30ಆರ್9 ಎಂದು ಮುದ್ರೆಯಿರುವ ಪೈಪಿಗೆ ಬದಲಿಸಿ. ಎಥನಾಲ್ ಇಲ್ಲದ ಪೆಟ್ರೋಲ್ ಸಿಕ್ಕರೆ ಚಳಿಗಾಲಕ್ಕೆ ನಿಲ್ಲಿಸುವ ಮುಂಚಿನ ಟ್ಯಾಂಕನ್ನಾದರೂ ಅದರಿಂದ ತುಂಬಿಸಿ. ಎಂಜಿನ್ ಆಯಿಲೂ ಮುಖ್ಯ: ಈ ಎಂಜಿನ್ನುಗಳ ವಾಲ್ವು ಆಡಿಸುವ ಕ್ಯಾಮ್ ಚಪ್ಪಟೆ ಟ್ಯಾಪೆಟ್ಟಿನ ಮೇಲೆ ಉಜ್ಜುತ್ತದೆ, ಅದನ್ನು ಕಾಯುವುದು ಆಯಿಲಿನಲ್ಲಿನ ಜಿಂಕ್. ಹೊಸ ಕಾರುಗಳ ಆಯಿಲಿನಲ್ಲಿ ಅದು ಕಡಿಮೆ. ಹಳೆಯ ಕಾರಿಗೆಂದೇ ಬರುವ ಆಯಿಲ್ ತನ್ನಿ.

ಪ್ರಶ್ನೆ: ತಂದೆಯವರ 1969ರ ಕಾರಿಗೆ ಟೈಟಲ್, ಅಂದರೆ ಒಡೆತನದ ಪತ್ರವೇ ಇಲ್ಲ, ನೋಂದಣಿ ಕಾಗದ ಮಾತ್ರ ಸಿಕ್ಕಿದೆ.
— ಓದುಗರೊಬ್ಬರು, ನ್ಯೂಯಾರ್ಕ್

ಉತ್ತರ: ನಿಮ್ಮ ರಾಜ್ಯದಲ್ಲಿ 1972 ಮತ್ತು ಅದಕ್ಕೂ ಹಿಂದಿನ ಮಾದರಿಗಳಿಗೆ ಟೈಟಲ್ ಕೊಡುವುದೇ ಇಲ್ಲ. ವರ್ಗಾಯಿಸಬಹುದಾದ ನೋಂದಣಿ ಪತ್ರವೇ ಒಡೆತನದ ದಾಖಲೆ, ಅದನ್ನು ಕಳೆಯಬೇಡಿ. ಕಾಗದದ ನಂಬರನ್ನೂ ಕಾರಿನ ಮೇಲಿನ ಗುರುತಿನ ನಂಬರಾದ ವಿಐಎನ್ ಅನ್ನೂ ಒಂದೊಂದೇ ಅಕ್ಷರವಾಗಿ ಹೋಲಿಸಿ. 1981ಕ್ಕೆ ಮುಂಚೆ 17 ಅಕ್ಷರದ ಕ್ರಮ ಇರಲಿಲ್ಲ, ಆದ್ದರಿಂದ ಚಿಕ್ಕದಿದ್ದರೆ ತಪ್ಪಲ್ಲ.

ಪ್ರಶ್ನೆ: ಅಪ್ಪನ ಕಾರಿಗೆ ಪೂರ್ತಿ ಹೊಸ ಬಣ್ಣ, ಹೊಸ ಸೀಟು ಹಾಕಿಸೋಣವೆಂದು ತಮ್ಮ, ಇದ್ದ ಹಾಗೇ ಇರಲಿ ಎಂದು ಅಮ್ಮ. ನೀವೇನು ಹೇಳುತ್ತೀರಿ?
— ಓದುಗರೊಬ್ಬರು, ಇಲಿನಾಯ್

ಉತ್ತರ: ನಾವು ಅಮ್ಮನವರ ಕಡೆ. ತುಕ್ಕು ತಿನ್ನುತ್ತಿರುವ ಕಡೆ ಮಾತ್ರ ಕೆಲಸ ಮಾಡಿಸಿ. ಸ್ಟೀರಿಂಗು, ಬಾಗಿಲಿನ ಕೈಯಾನಿಕೆ, ಪೆಡಲಿನ ರಬ್ಬರು, ಅಪ್ಪನ ಕೈಕಾಲು ತಾಗಿ ಸವೆದ ಈ ಭಾಗಗಳನ್ನು ಬದಲಿಸಲೇಬೇಕಾದರೂ ಹಳೆಯವನ್ನು ಚೀಟಿ ಬರೆದು ಎತ್ತಿಡಿ. ಬಾಗಿಲಿನ ಚೌಕಟ್ಟಿನಲ್ಲಿ ಆಯಿಲ್ ಬದಲಿಸಿದ ತಾರೀಕು, ಮೈಲಿ ಬರೆದ ಹಳೆಯ ಸ್ಟಿಕ್ಕರಿದ್ದರೆ ಬಣ್ಣದವರು ಕೆರೆಯುವ ಮುಂಚೆ ಫೋಟೋ ತೆಗೆಯಿರಿ. ಐದೇ ಅಂಕಿಯ ಓಡೋಮೀಟರು 99,999 ಆದ ಮೇಲೆ ಸೊನ್ನೆಗೆ ಬರುತ್ತದೆ. ಕಾರು ಎಷ್ಟು ಓಡಿದೆ ಎಂದು ನಿಜ ಹೇಳುವುದು ಆ ಸ್ಟಿಕ್ಕರುಗಳೇ.

1967ರಿಂದ 1973ರವರೆಗಿನ ಫೋರ್ಡ್ ಆದರೆ ವಿಐಎನ್ ಕೊಟ್ಟು ಮಾರ್ಟಿ ರಿಪೋರ್ಟ್ ತರಿಸಬಹುದು, ಕಾರು ಯಾವ ಬಣ್ಣದಲ್ಲಿ, ಏನೇನು ಸೌಲಭ್ಯದೊಂದಿಗೆ ತಯಾರಾಯಿತು ಎಂಬುದು ಅದರಲ್ಲಿರುತ್ತದೆ. ಜನರಲ್ ಮೋಟಾರ್ಸ್ ಮತ್ತು ಕ್ರೈಸ್ಲರ್ ಕಾರುಗಳಲ್ಲಿ ಕಾರ್ಖಾನೆಯವರು ಜೋಡಣೆಗೆ ಬಳಸಿದ ಹಾಳೆಯನ್ನು ಎಷ್ಟೋ ಸಲ ಸೀಟಿನ ಸ್ಪ್ರಿಂಗಿನ ನಡುವೆ ಅಥವಾ ಪೆಟ್ರೋಲ್ ಟ್ಯಾಂಕಿನ ಮೇಲೆ ಬಿಟ್ಟಿರುತ್ತಿದ್ದರು. ಆದ್ದರಿಂದ ಸೀಟನ್ನು ಹೊಲಿಯುವವರ ಅಂಗಡಿಗೆ ಕಳಿಸುವ ಮುನ್ನ ನೀವೇ ಮಗುಚಿ ಹಾಕಿ ನೋಡಿ. ಕಾಗದ ಕಂಡರೆ ಎಳೆಯಬೇಡಿ, ಮುಟ್ಟಿದರೆ ಪುಡಿಯಾಗುವಷ್ಟು ಒಣಗಿರುತ್ತದೆ. ಇದ್ದಲ್ಲೇ ಫೋಟೋ ತೆಗೆದು, ಬಟ್ಟೆಯನ್ನು ಸ್ಪ್ರಿಂಗಿಗೆ ಬಿಗಿದ ತಂತಿ ಉಂಗುರಗಳನ್ನು ಕಟಿಂಗ್ ಪ್ಲೇಯರಿನಿಂದ ಒಂದೊಂದಾಗಿ ಕತ್ತರಿಸಿ, ಕಾಗದದ ಕೆಳಗೆ ಗಟ್ಟಿ ರಟ್ಟು ತೂರಿಸಿ ಎತ್ತಿ.